ತೂಕ ಇಳಿಸುವವರಿಗೆ ಕ್ಯಾಲೊರಿಯ ಲೆಕ್ಕ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಅನುಭವದ ಮಾತು. ಊಟ ಬಲ್ಲವನೆಂದರೆ ಅದರ ಅಳತೆಯನ್ನು ಬಲ್ಲವನು. ತೂಕ ಇಳಿಸುವ ಆತುರದಲ್ಲಿ ಒಂದು ಹೊತ್ತಿನ ಊಟವನ್ನೇ ತೊರೆದು, ಎರಡು ವಾರಗಳಲ್ಲಿ ಸೋತು, ಮತ್ತೆ ಮೊದಲಿಗಿಂತ ಹೆಚ್ಚು ಉಣ್ಣುವವರು ನಮ್ಮಲ್ಲಿ ಅನೇಕರಿದ್ದಾರೆ. ಉಪವಾಸಕ್ಕಿಂತಲೂ ಅವರಿಗೆ ಲೆಕ್ಕದ ಅಗತ್ಯ ಹೆಚ್ಚು.

ಆಹಾರದ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. ರೂಢಿಯಲ್ಲಿ ಅದನ್ನೇ ಕ್ಯಾಲೊರಿ ಎನ್ನುತ್ತೇವೆ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕವು ಸುಮಾರು 4 ಕ್ಯಾಲೊರಿಗಳನ್ನು, ಒಂದು ಗ್ರಾಂ ಕೊಬ್ಬು ಸುಮಾರು 9 ಕ್ಯಾಲೊರಿಗಳನ್ನು ಕೊಡುತ್ತದೆ. ನಾವು ಸುಮ್ಮನೆ ಮಲಗಿದ್ದರೂ ಹೃದಯ, ಮೆದುಳು, ಯಕೃತ್ತುಗಳು ದುಡಿಯುತ್ತಲೇ ಇರುತ್ತವೆ. ಈ ಮೂಲ ವೆಚ್ಚವನ್ನು ಅಂದಾಜಿಸಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವು ಬಳಕೆಯಲ್ಲಿದೆ. ಕಿಲೋಗ್ರಾಂ ಲೆಕ್ಕದ ತೂಕವನ್ನು 10ರಿಂದಲೂ ಸೆಂಟಿಮೀಟರ್ ಲೆಕ್ಕದ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಕೊನೆಗೆ ಪುರುಷರಾದರೆ 5 ಕೂಡಿಸಬೇಕು, ಸ್ತ್ರೀಯರಾದರೆ 161 ಕಳೆಯಬೇಕು.

45 ವರ್ಷ ವಯಸ್ಸಿನ, 165 ಸೆಂ.ಮೀ. ಎತ್ತರದ, 80 ಕಿಲೋ ತೂಗುವ ಶಿಕ್ಷಕರೊಬ್ಬರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 800ಕ್ಕೆ 1,031 ಕೂಡಿಸಿ, 225 ಕಳೆದು, 5 ಸೇರಿಸಿದರೆ 1,611 ಬರುತ್ತದೆ. ಕುಳಿತೇ ಕೆಲಸ ಮಾಡುವವರು ಇದನ್ನು 1.2ರಿಂದಲೂ, ಸ್ವಲ್ಪ ನಡೆದಾಡುವವರು 1.375ರಿಂದಲೂ ಗುಣಿಸಬೇಕು. ನಮ್ಮ ಶಿಕ್ಷಕರು ಎರಡನೆಯ ವರ್ಗದವರೆನ್ನೋಣ. ಅವರ ದಿನದ ವೆಚ್ಚ ಸುಮಾರು 2,215. ಇದರಲ್ಲಿ 500 ಕಳೆದು 1,715 ಕ್ಯಾಲೊರಿಯಷ್ಟು ಉಂಡರೆ ವಾರಕ್ಕೆ 3,500ರ ಕೊರತೆಯಾಗುತ್ತದೆ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿಗಳಿರುವುದರಿಂದ, ಆರಂಭದಲ್ಲಿ ವಾರಕ್ಕೆ 450 ಗ್ರಾಂನಷ್ಟು ಇಳಿಕೆಯನ್ನು ನಿರೀಕ್ಷಿಸಬಹುದು.

ಈ 500 ಕ್ಯಾಲೊರಿಗಳನ್ನು ಕಡಿಮೆ ಮಾಡಲು ಊಟ ಬಿಡಬೇಕಾಗಿಲ್ಲ. ದಿನಕ್ಕೆ ಐದು ಕಪ್ ಚಹಾ ಕುಡಿಯುವವರು ಪ್ರತಿ ಕಪ್ಪಿನ ಎರಡು ಸಣ್ಣ ಚಮಚ ಸಕ್ಕರೆಯನ್ನು ಬಿಟ್ಟರೆ 200, ಪಲ್ಯದ ಎಣ್ಣೆಯಲ್ಲಿ ಎರಡು ಸಣ್ಣ ಚಮಚ ತಗ್ಗಿಸಿದರೆ 90, 40 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಗಳಲ್ಲಿ ಒಂದೂವರೆ ಕಡಿಮೆ ಮಾಡಿದರೆ ಸುಮಾರು 210 ಕ್ಯಾಲೊರಿ ಉಳಿಯುತ್ತದೆ. ಬೇಳೆ, ಕಾಳು, ಮಜ್ಜಿಗೆ, ಸೊಪ್ಪುಗಳನ್ನು ಮಾತ್ರ ಕಡಿಮೆ ಮಾಡಬಾರದು.

ಅನೇಕರು ಎಡವುವುದು ಮುಂದಿನ ಹಂತದಲ್ಲಿ. ಅದೇ ಶಿಕ್ಷಕರು 72 ಕಿಲೋಗೆ ಇಳಿದಾಗ ಅವರ ದಿನದ ವೆಚ್ಚವೂ ಸುಮಾರು 2,105ಕ್ಕೆ ಇಳಿದಿರುತ್ತದೆ. ಆಗ 1,715 ಉಂಡರೆ ಕೊರತೆ 390 ಮಾತ್ರ. ಇಳಿಕೆಯ ವೇಗ ಕುಂದಿತೆಂದು ನಿರಾಶರಾಗಿ ಪಥ್ಯ ಕೈಬಿಡುವವರು ಇದನ್ನು ಅರಿತಿರಬೇಕು. ದೇಹ ಬದಲಾದಂತೆ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಸೂತ್ರವು ಕೊಡುವುದು ಅಂದಾಜನ್ನಷ್ಟೆ. ಆದುದರಿಂದ ವಾರಕ್ಕೊಮ್ಮೆ ಬೆಳಿಗ್ಗೆ ತೂಕ ನೋಡಿ ಬರೆದಿಟ್ಟು, ನಾಲ್ಕು ವಾರಗಳ ಫಲವನ್ನು ಕಂಡು ಸಂಖ್ಯೆಯನ್ನು ತಿದ್ದಿಕೊಳ್ಳುವುದು ಲೇಸು.

ಮಧುಮೇಹಕ್ಕೆ ಔಷಧ ಸೇವಿಸುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರ ಸಲಹೆಯಿಲ್ಲದೆ ಆಹಾರವನ್ನು ಕಡಿಮೆ ಮಾಡಕೂಡದು. ಬೆಳೆಯುವ ಮಕ್ಕಳಿಗೆ ಈ ಸೂತ್ರ ಅನ್ವಯಿಸುವುದಿಲ್ಲ. ಉಳಿದವರು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಇಂದೇ ಆರಂಭಿಸಬಹುದು.