ಹಿನ್ನೀರಿನ ಪಾಠಕ್ಕೆ ಅಜ್ಜಿಯ ಧ್ವನಿ

ನಿಮ್ಮ ಮಗುವಿನ ಟೀಚರ್ ವಿಡಿಯೊ ತೆಗೆಯಲು ಕಲಿಯುತ್ತಿದ್ದಾರೆಂದರೆ ಇದೇನು ಹೊಸ ಹುಚ್ಚು ಎನ್ನಬೇಡಿ. 2011ರಲ್ಲೇ ನಮ್ಮ ರಾಜ್ಯದ ಡಿ.ಎಸ್.ಇ.ಆರ್.ಟಿ.ಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ, ಕಂಪ್ಯೂಟರಿನಲ್ಲಿ ಪಾಠದ ಸಾಮಗ್ರಿಯನ್ನು ತಾವೇ ತಯಾರಿಸುವ ತರಬೇತಿಯನ್ನು ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಕೊಡತೊಡಗಿತ್ತು.

ಸಿದ್ಧ ವಿಡಿಯೊಗಳು ಬೇಕಾದಷ್ಟಿರುವಾಗ ಈ ಶ್ರಮವೇಕೆ ಎನ್ನುತ್ತೀರಾ? ಹಾಸನದ ಶೆಟ್ಟಿಹಳ್ಳಿಯನ್ನೇ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಅರೆ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಒಂದೇ ಜಾಗದಲ್ಲಿ ನಿಂತು ಎರಡೂ ಕಾಲದ ಚಿತ್ರ ತೆಗೆದು ಜೋಡಿಸಿದರೆ ಸಾಕು, ಮಿಕ್ಕ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ.

ಉತ್ತರ ಮಾತ್ರ ಮನೆಯಲ್ಲಿದೆ! ಅಣೆಕಟ್ಟು ಮುಗಿದದ್ದು 1979ರಲ್ಲಿ. ಮುಳುಗಿದ ಊರಿನಲ್ಲಿ ಸಂಸಾರ ಮಾಡಿದ ಹೆಂಗಸರಿಗೆ ಈಗ ಅರವತ್ತು ದಾಟಿದೆ. ಯಾವ ಬಾವಿಯ ನೀರು ಸಿಹಿಯಿತ್ತು, ಸಾಮಾನು ಯಾವ ಗಾಡಿಯಲ್ಲಿ ಹೋಯಿತು ಎಂಬುದು ಅವರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿಲ್ಲ.

ಕ್ಯಾಮರಾ ಮುಂದೆ ಕೂರಲು ಸಂಕೋಚವೇ? ಮುಖ ಬೇಕಿಲ್ಲ. ಧ್ವನಿಯನ್ನಷ್ಟೇ ತೆಗೆದು ಅದಕ್ಕೆ ಹಿನ್ನೀರಿನ ದೃಶ್ಯ ಹೊಂದಿಸಬಹುದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಫೋನನ್ನು ಮೊಣಕೈಯಷ್ಟು ದೂರದಲ್ಲಿಡಿ. ಅಜ್ಜಿ ಮಾತಿನ ನಡುವೆ ಸುಮ್ಮನಾದರೆ ಅವಸರಪಡಿಸಬೇಡಿ, ಆ ಮೌನವೂ ಇರಲಿ. ಐದು ನಿಮಿಷಕ್ಕೆ ಇಳಿಸುವ ಕೆಲಸ ಟೀಚರಿಗೆ ಬಿಡಿ.