ಕಾಲೇಜು ಬಿಟ್ಟು ಕಣಕ್ಕೆ ಇಳಿಯಬೇಕೆ?

ನಿಮ್ಮ ಮನೆಯ ಹುಡುಗ ಬಿ.ಎ. ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಒಂದು ಬೆಳಿಗ್ಗೆ ಅಂಚೆಯವನು ಕಾಗದವೊಂದನ್ನು ತಂದುಕೊಡುತ್ತಾನೆ: ಒಳ್ಳೆಯ ಸಂಬಳದ ಕೆಲಸ ಸಿದ್ಧವಾಗಿದೆ, ಆದರೆ ಈ ತಿಂಗಳೇ ಬಂದು ಸೇರಬೇಕು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಾರದು. ತಂದೆ, ಕೈಗೆ ಬಂದ ತುತ್ತನ್ನು ಬಿಡಬಾರದೆನ್ನುತ್ತಾರೆ. ತಾಯಿ, ಇನ್ನೊಂದು ವರ್ಷ ತಡೆದರೆ ಹೆಸರಿನ ಮುಂದೆ ಎರಡಕ್ಷರ ಬರುತ್ತದಲ್ಲ ಎನ್ನುತ್ತಾರೆ. ಸೋದರಮಾವ ಎರಡು ಮಾತಿಗೂ ತಲೆದೂಗುತ್ತಾನೆ. ಅಮೆರಿಕ ದೇಶದಲ್ಲಿ ಪ್ರತಿ ವರ್ಷ ವಸಂತ ಕಾಲ ಬಂತೆಂದರೆ ಹಲವು ಮನೆಗಳಲ್ಲಿ ಇದೇ ಮಾತುಕತೆ. ಅಲ್ಲಿಯ ಕಾಗದದಲ್ಲಿ ಸಂಬಳ ಮಾತ್ರ ಲಕ್ಷಗಳಲ್ಲಿ, ಒಮ್ಮೊಮ್ಮೆ ಕೋಟಿಗಳಲ್ಲಿ ಇರುತ್ತದೆ. ಕೆಲಸವೆಂದರೆ ಬಾಸ್ಕೆಟ್‌ಬಾಲ್ ಆಡುವುದು.

ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳುತ್ತ ಬೆಳೆದ ನಮಗೆ ಈ ಆಟದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ಶಿಕ್ಷಣ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯ, ಚಳಿಗಾಲದಲ್ಲಿ ಹೊರಗೆ ಆಡಲಾರದೆ ಚಡಪಡಿಸುತ್ತಿದ್ದ ಹುಡುಗರಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗೋಡೆಗೆ ಹೊಡೆಸಿದ. ಆಟ ಹುಟ್ಟಿದ್ದೇ ಶಾಲೆಯ ಮನೆಯಲ್ಲಿ. ಇಂದು ಹೆಸರಾಗಿರುವ ಎನ್.ಬಿ.ಎ. ಎಂಬ ವೃತ್ತಿ ಸಂಘ ಹುಟ್ಟಿದ್ದು 1946ರಲ್ಲಿ. ಕಾಲೇಜುಗಳು ಖರ್ಚು ಹಾಕಿ ಹುಡುಗರನ್ನು ತಿದ್ದುತ್ತಿದ್ದುವು, ಪತ್ರಿಕೆಗಳು ಅವರನ್ನು ನಾಡಿಗೆ ಪರಿಚಯ ಮಾಡಿಸುತ್ತಿದ್ದುವು. ವೃತ್ತಿ ತಂಡಗಳಿಗೆ ಇಷ್ಟೆಲ್ಲ ಪುಕ್ಕಟೆಯಾಗಿ ಸಿಗುತ್ತಿರುವಾಗ ಕಾಲೇಜುಗಳ ಮನಸ್ಸನ್ನು ಕೆಡಿಸುವುದು ಏಕೆ? ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಆಗುವ ತನಕ ಯಾವ ಹುಡುಗನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಅವು ನಿಯಮ ಮಾಡಿಕೊಂಡವು. ನಿಯಮವನ್ನು ವಿದ್ಯೆಯ ಹೆಸರಿನಲ್ಲಿ ಸಮರ್ಥಿಸಿದರೂ ಅದರ ಬೇರು ವ್ಯಾಪಾರದಲ್ಲಿತ್ತು ಎಂಬುದನ್ನು ಮರೆಯಬಾರದು.

ಇದರ ಇಕ್ಕಟ್ಟು ಮೊದಲು ಎದ್ದು ಕಂಡದ್ದು ವಿಲ್ಟ್ ಚೇಂಬರ್ಲಿನ್ ಎಂಬಾತನಲ್ಲಿ. ಏಳಡಿ ಎತ್ತರದ ಈತ 1958ರಲ್ಲಿ, ಇನ್ನೂ ಒಂದು ವರ್ಷದ ಓದು ಉಳಿದಿರುವಾಗಲೇ, ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಬಿಟ್ಟ. ಎನ್.ಬಿ.ಎ. ಬಾಗಿಲು ಮುಚ್ಚಿತ್ತು. ಊರೂರು ತಿರುಗಿ ಆಟದ ಜೊತೆಗೆ ವಿನೋದವನ್ನೂ ತೋರಿಸುತ್ತಿದ್ದ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡದಲ್ಲಿ ಆತ ಒಂದು ವರ್ಷ ಕಳೆದ. ಆಮೇಲೆ ಎನ್.ಬಿ.ಎ. ಸೇರಿದ ಮೊದಲನೆಯ ವರ್ಷವೇ ಆ ಸಂಘದ ಅತ್ಯುತ್ತಮ ಆಟಗಾರನೆನಿಸಿದ. ಕಾದದ್ದರಿಂದ ಆತನಿಗೆ ಯಾವ ವಿದ್ಯೆ ಬಂತೆಂದು ಯಾರೂ ಹೇಳಲಾರರು.

ಕಟ್ಟನ್ನು ಒಡೆದವನು ಸ್ಪೆನ್ಸರ್ ಹೇವುಡ್. ಮಿಸಿಸಿಪಿ ಪ್ರಾಂತದ ಹಳ್ಳಿಯೊಂದರಲ್ಲಿ ಹತ್ತು ಮಕ್ಕಳ ಸಂಸಾರದಲ್ಲಿ ಹುಟ್ಟಿದವನು. ತಾಯಿ ಹತ್ತಿ ಬಿಡಿಸಿ ಮಕ್ಕಳನ್ನು ಸಾಕಿದಳು, ಮಗನೂ ಎಳೆಯ ವಯಸ್ಸಿನಲ್ಲೇ ಹತ್ತಿ ಹೊಲಕ್ಕೆ ಇಳಿದ. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಚಿನ್ನದ ಪದಕ ತಂದ ಈ ಹುಡುಗ, ಡೆಟ್ರಾಯಿಟಿನಲ್ಲಿ ಒಂದು ವರ್ಷ ಓದಿ, ಆಗ ಇದ್ದ ಎದುರು ಸಂಘವೊಂದನ್ನು ಸೇರಿದ. ಮರುವರ್ಷ ಎನ್.ಬಿ.ಎ.ಯ ಸಿಯಾಟಲ್ ತಂಡ ಆತನೊಡನೆ ಒಪ್ಪಂದ ಮಾಡಿಕೊಂಡಾಗ ಇತರ ತಂಡಗಳು ಕೂಗೆಬ್ಬಿಸಿದುವು. ಪರ ಊರಿನ ಕ್ರೀಡಾಂಗಣಗಳಲ್ಲಿ, ಕಣದಲ್ಲಿ ಕಾನೂನುಬಾಹಿರ ಆಟಗಾರನೊಬ್ಬನಿದ್ದಾನೆಂದು ಧ್ವನಿವರ್ಧಕದಲ್ಲಿ ಸಾರುತ್ತಿದ್ದುದನ್ನು ಹೇವುಡ್ ಮುಂದೆ ಎಷ್ಟೋ ಸಲ ನೆನೆದುಕೊಂಡಿದ್ದಾನೆ. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. 1971ರಲ್ಲಿ ಆ ನ್ಯಾಯಾಲಯ ಆತನ ಪರವಾಗಿದ್ದ ತಡೆಯಾಜ್ಞೆಯನ್ನು ಮತ್ತೆ ಜಾರಿಗೆ ತಂದಿತು. ದುಡಿಯಬಲ್ಲವನನ್ನು ದುಡಿಯದಂತೆ ಮಾಲೀಕರೆಲ್ಲ ಕೂಡಿ ತಡೆಯುವುದು ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂಬುದು ಆತನ ವಾದವಾಗಿತ್ತು.

ಸಂಘ ಆಗ ಅರ್ಧ ಮನಸ್ಸಿನಿಂದ ಬಾಗಿಲು ತೆರೆಯಿತು. ಬಡತನವನ್ನು ರುಜುವಾತು ಮಾಡಿದರೆ ಮಾತ್ರ ಬೇಗ ಸೇರಬಹುದು ಎಂದಿತು. ನಮ್ಮಲ್ಲಿ ಶುಲ್ಕದ ರಿಯಾಯಿತಿಗಾಗಿ ತಾಲ್ಲೂಕು ಕಚೇರಿಯಿಂದ ಆದಾಯದ ಸರ್ಟಿಫಿಕೇಟು ತರುವಂತೆ ಎನ್ನಿ. 1976ರಲ್ಲಿ ಆ ಷರತ್ತೂ ಹೋಯಿತು. ಅಲ್ಲಿಂದ ಮುಂದೆ ಪ್ರಶ್ನೆ ನ್ಯಾಯಾಲಯವನ್ನು ಬಿಟ್ಟು ಹುಡುಗನ ಮನೆಗೆ ಬಂತು.

ಇನ್ನು ಲೆಕ್ಕಾಚಾರಕ್ಕೆ ಬರೋಣ. ಈ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಪ್ರತಿ ವರ್ಷ ಜೂನ್ ತಿಂಗಳಲ್ಲಿ 30 ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಎರಡು ಸುತ್ತು, ಹೆಚ್ಚೆಂದರೆ 60 ಹೆಸರು. ಮೊದಲನೆಯ ಸುತ್ತಿನಲ್ಲಿ ಆಯ್ಕೆಯಾದವನಿಗೆ ಎರಡು ವರ್ಷದ ಸಂಬಳ ಖಾತರಿ. ಮೂರನೆಯ, ನಾಲ್ಕನೆಯ ವರ್ಷ ತಂಡದ ಇಚ್ಛೆ. ಮೊತ್ತವನ್ನು ಸರದಿಯೇ ಗೊತ್ತುಮಾಡುತ್ತದೆ. ಮೊಟ್ಟಮೊದಲನೆಯವನಿಗೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಮಿಗಿಲು. ಮೂವತ್ತನೆಯವನಿಗೂ ಇಪ್ಪತ್ತು ಲಕ್ಷಕ್ಕೆ ಮೇಲು. ಆದರೆ ಮೂವತ್ತೊಂದನೆಯವನಿಗೆ, ಅಂದರೆ ಎರಡನೆಯ ಸುತ್ತಿನ ಮೊದಲನೆಯವನಿಗೆ, ನಿಯಮದ ಪ್ರಕಾರ ಯಾವ ಖಾತರಿಯೂ ಇಲ್ಲ. ತಂಡ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಬೇಗ ಹೋಗಬೇಕೆ, ನಿಲ್ಲಬೇಕೆ ಎಂಬ ಜಿಜ್ಞಾಸೆಯೆಲ್ಲ ಈ ಒಂದು ಗೆರೆಯ ಸುತ್ತ ಸುತ್ತುತ್ತದೆ.

ಮೇಲಿನ ಸಾಲಿನ ಹುಡುಗನ ಲೆಕ್ಕ ಹೀಗೆ: ದೊಡ್ಡ ಹಣ ಬರುವುದು ಮೊದಲನೆಯ ಒಪ್ಪಂದದಲ್ಲಿ ಅಲ್ಲ, ಎರಡನೆಯದರಲ್ಲಿ. ಒಬ್ಬ ಆಟಗಾರನಿಗೆ ಕೊಡಬಹುದಾದ ಗರಿಷ್ಠ ಸಂಬಳವೂ ಆತನ ಸೇವಾವಧಿಯನ್ನು ಅನುಸರಿಸಿ ಏರುತ್ತದೆ. ತಂಡದ ಸಂಬಳದ ಮಿತಿಯಲ್ಲಿ ಮೊದಮೊದಲು ನೂರಕ್ಕೆ 25, ಏಳು ವರ್ಷ ಆದವನಿಗೆ 30, ಹತ್ತು ಆದವನಿಗೆ 35. ನಮ್ಮ ಸರ್ಕಾರಿ ನೌಕರರಿಗೆ ಸೇವಾ ಹಿರಿತನದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತೊಂಬತ್ತಕ್ಕೆ ಸೇರಿದವನು ಮೈಯಲ್ಲಿ ಕಸುವಿರುವಾಗಲೇ ಈ ಮೆಟ್ಟಿಲುಗಳನ್ನು ಹತ್ತುತ್ತಾನೆ. ಇಪ್ಪತ್ತೆರಡಕ್ಕೆ ಸೇರಿದವನಿಗೆ ಮೂರು ವರ್ಷ ಕಡಿಮೆ. ಕಾಲೇಜಿನಲ್ಲಿ ಕಳೆದ ವರ್ಷವನ್ನು ಕೊನೆಯಲ್ಲಿ ತುಂಬಿಕೊಳ್ಳಲು ಮೊಣಕಾಲು ಒಪ್ಪುವುದಿಲ್ಲ.

ಮೊಣಕಾಲಿನ ಮಾತು ಬಂತು. 2019ರ ಫೆಬ್ರವರಿಯಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಸಯಾನ್ ವಿಲಿಯಮ್ಸನ್ ನಾರ್ತ್ ಕೆರೊಲೈನಾದ ಎದುರು ಆಡುತ್ತಿದ್ದಾಗ, ಆಟ ತೊಡಗಿ ಒಂದು ನಿಮಿಷವಾಗುವ ಮುಂಚೆಯೇ, ಕಾಲಿನ ಬೂಟು ಒಡೆದು ಬಾಯಿಬಿಟ್ಟಿತು. ಹುಡುಗ ಜಾರಿ ಬಿದ್ದು ಮೊಣಕಾಲನ್ನು ಹಿಡಿದುಕೊಂಡ. ಆಗ ಆತನ ಕೈಗೆ ಸಂಬಳವೆಂದು ಒಂದು ಡಾಲರೂ ಬರುತ್ತಿರಲಿಲ್ಲ. ನಾಲ್ಕು ತಿಂಗಳ ನಂತರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾಗಬೇಕಾಗಿದ್ದವನು. ಅದೃಷ್ಟವಶಾತ್ ಪೆಟ್ಟು ಹಗುರವಾಗಿತ್ತು, ಮುಂದಿನ ತಿಂಗಳೇ ಆಡಿದ. ಆದರೆ ಆ ರಾತ್ರಿ ಆ ದೇಶದ ಎಷ್ಟೋ ತಾಯಂದಿರಿಗೆ ನಿದ್ದೆ ಬಂದಿರಲಾರದು.

ಹಾಗಾದರೆ ಎಲ್ಲರೂ ಹೊರಟುಬಿಡಬೇಕೆ? ಇಲ್ಲಿ ಟಿಮ್ ಡಂಕನ್ನನ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕೆರಿಬಿಯನ್ ಕಡಲಿನ ಸೇಂಟ್ ಕ್ರಾಯ್ ದ್ವೀಪದವನು. ಹದಿನಾಲ್ಕು ತುಂಬುವ ಮುನ್ನಾದಿನ ತಾಯಿಯನ್ನು ಕಳೆದುಕೊಂಡ. ಕಾಲೇಜು ಓದನ್ನು ಮುಗಿಸುತ್ತೇನೆಂದು ಆಕೆಗೆ ಮಾತು ಕೊಟ್ಟಿದ್ದ. ವೃತ್ತಿ ತಂಡಗಳು ಕೈಬೀಸಿ ಕರೆಯುತ್ತಿದ್ದರೂ ವೇಕ್ ಫಾರೆಸ್ಟ್‌ನಲ್ಲಿ ನಾಲ್ಕು ವರ್ಷ ಪೂರ್ತಿ ಓದಿ, ಮನಶ್ಶಾಸ್ತ್ರದಲ್ಲಿ ಪದವಿ ಪಡೆದು, 1997ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ. ಸ್ಯಾನ್ ಆಂಟೋನಿಯೊ ತಂಡಕ್ಕೆ ಐದು ಸಲ ಪ್ರಶಸ್ತಿ ತಂದ. ಈತನ ಕಾಲ ನಷ್ಟವಾಯಿತೆಂದು ಹೇಳುವ ಧೈರ್ಯ ಯಾರಿಗಿದೆ?

ಫ್ಲಾರಿಡಾ ವಿಶ್ವವಿದ್ಯಾನಿಲಯದ ಮೂವರು ಗೆಳೆಯರದು ಇನ್ನೊಂದು ಬಗೆ. 2006ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೇಲೆ ನೋವಾ, ಹೋರ್ಫರ್ಡ್, ಬ್ರೂಯರ್ ಮೂವರೂ ಹೊರಡದೆ ನಿಂತರು. 2007ರಲ್ಲಿ ಮತ್ತೆ ಗೆದ್ದರು. ಮೂವರೂ ಮೊದಲ ಹತ್ತರೊಳಗೆ ಆಯ್ಕೆಯಾದರು. ಆದರೆ ಹಿಂದಿನ ವರ್ಷ ಮೊದಲನೆಯ ಸ್ಥಾನಕ್ಕೇ ಹೋಗಬಹುದೆಂದು ಹಲವರು ಅಂದಾಜು ಮಾಡಿದ್ದ ನೋವಾ ಒಂಬತ್ತನೆಯವನಾದ. ಆತನಿಗೆ ಅದರಿಂದ ದುಃಖವಾದಂತಿಲ್ಲ. ಆತನ ತಂದೆ 1983ರಲ್ಲಿ ಫ್ರೆಂಚ್ ಟೆನಿಸ್ ಪ್ರಶಸ್ತಿ ಗೆದ್ದ ಯಾನಿಕ್ ನೋವಾ ಎಂಬುದನ್ನು ಇಲ್ಲಿ ನೆನೆಯಬೇಕು. ಮನೆಯಲ್ಲಿ ಇದ್ದವನಿಗೆ ಕಾಯುವುದು ಒಂದು ಸಂತೋಷ. ಹತ್ತಿ ಹೊಲದಿಂದ ಬಂದವನಿಗೆ ಅದೇ ಸಲಹೆಯನ್ನು ಕೊಡುವವರು ಆತನ ಮನೆಯ ಬಾಡಿಗೆಯನ್ನೂ ಕೊಡಲು ಸಿದ್ಧರಿರಬೇಕು.

ಈ ಲೇಖಕನಿಗೆ ನಿಜವಾಗಿ ಚಿಂತೆ ಹುಟ್ಟಿಸುವವನು ಇವರಲ್ಲಿ ಯಾರೂ ಅಲ್ಲ. ಆತ ನಲವತ್ತನೆಯ ಸ್ಥಾನದ ಹುಡುಗ. ಅರವತ್ತರೊಳಗೆ ಬಂದರೂ ಬಂದ, ಇಲ್ಲದಿದ್ದರೆ ಇಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್.ಸಿ.ಎ.ಎ. ಸಂಸ್ಥೆಯ ಕೆಳಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ಹುಡುಗರು ಬಾಸ್ಕೆಟ್‌ಬಾಲ್ ಆಡುತ್ತಾರೆ. ಓದು ಮುಗಿಸುವವರಲ್ಲಿ ಎನ್.ಬಿ.ಎ. ಸೇರುವವರು ನೂರಕ್ಕೆ ಒಬ್ಬರು ಎಂದರೆ ಸರಿಸುಮಾರು ಲೆಕ್ಕ. ಆದರೆ ಸುತ್ತ ಇರುವ ಬಂಧುಗಳು, ಮಿತ್ರರು, ಕಮಿಷನ್ನಿಗಾಗಿ ಕಾದಿರುವ ಮಧ್ಯಸ್ಥರು, ಎಲ್ಲರೂ ಆ ಒಬ್ಬನು ನೀನೇ ಎನ್ನುತ್ತಾರೆ. ಇದಕ್ಕೆ ಒಂದು ಒಳ್ಳೆಯ ಏರ್ಪಾಡು ಉಂಟು. ಹುಡುಗ ಬೇಡಿಕೊಂಡರೆ ಎನ್.ಬಿ.ಎ.ಯ ಸಲಹಾ ಸಮಿತಿ ತಂಡಗಳ ಅಭಿಪ್ರಾಯವನ್ನು ಗುಟ್ಟಾಗಿ ವಿಚಾರಿಸಿ, ನೀನು ಇಂಥ ಸಾಲಿನಲ್ಲಿ ಬರಬಹುದು ಅಥವಾ ಬರಲಾರೆ ಎಂದು ತಿಳಿಸುತ್ತದೆ. ಹೆಸರು ಕೊಟ್ಟು, ಮೇ ತಿಂಗಳ ಪರೀಕ್ಷಾ ಶಿಬಿರದಲ್ಲಿ ಆಡಿ ತೋರಿಸಿ, ಗಡುವಿನೊಳಗೆ ಹೆಸರನ್ನು ಹಿಂದಕ್ಕೆ ಪಡೆದು ಕಾಲೇಜಿಗೆ ಮರಳಲೂಬಹುದು. ತೂಗಿ ನೋಡಿಸಿಕೊಂಡು ಬಂದವನಿಗೆ ಅವಮಾನವಿಲ್ಲ.

ಕಾಲೇಜಿಗೇ ಹೋಗದೆ ನೇರ ಹಾರಿದವರೂ ಇದ್ದಾರೆ. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬೆ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದಲೇ ಬಂದು ಕೀರ್ತಿವಂತರಾದರು. ಅವರನ್ನು ಕಂಡು ಹಾರಿ ಕೆಳಗೆ ಬಿದ್ದವರ ಹೆಸರು ಜನಕ್ಕೆ ನೆನಪಿಲ್ಲ. 2006ರಿಂದ, ವಯಸ್ಸು 19 ಆಗಿ, ಹೈಸ್ಕೂಲು ಮುಗಿದು ಒಂದು ವರ್ಷ ಕಳೆದಿರಬೇಕು ಎಂಬ ಕಟ್ಟಳೆ ಬಂತು. ಒಂದೇ ವರ್ಷ ಓದಿದ ಶಾಸ್ತ್ರ ಮಾಡಿ ಹೊರಡುವ ವಾಡಿಕೆ ಇದರಿಂದ ಹುಟ್ಟಿತು. ನಮ್ಮ ದೇಶದ ಹುಡುಗನೊಬ್ಬನೂ ಈ ದಾರಿಯಲ್ಲಿ ನಡೆದುದುಂಟು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಎರಡಂಗುಲದ ಆಳು, ಹದಿಹರೆಯದಲ್ಲೇ ಫ್ಲಾರಿಡಾದ ಕ್ರೀಡಾ ಶಾಲೆಗೆ ಹೋಗಿ, ಕಾಲೇಜಿನ ಮೆಟ್ಟಿಲು ಹತ್ತದೆ 2015ರಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ. ಆಯ್ಕೆಯಾದ ಮೊದಲ ಭಾರತೀಯ ಎಂಬ ಗೌರವ ಆತನದು. ಆದರೆ ಎನ್.ಬಿ.ಎ.ಯ ಒಂದು ಲೀಗ್ ಪಂದ್ಯವನ್ನೂ ಆಡುವ ಯೋಗ ಬರಲಿಲ್ಲ. ಕೆಳ ಸಂಘದಲ್ಲಿ ಆಡಿ ಸ್ವದೇಶಕ್ಕೆ ಮರಳಿದ.

ಇಷ್ಟು ಹೊತ್ತು ಹುಡುಗನ ಆಸೆಯನ್ನು ತೂಗಿದೆವು. ಕಾಲೇಜಿನ ಆಸೆಯನ್ನೂ ತೂಗಬೇಡವೆ? ಮಾರ್ಚ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯ ದೂರದರ್ಶನ ಪ್ರಸಾರಕ್ಕೆ 2010ರಲ್ಲಿ ಆದ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರ್. ಆಡಿದ ಹುಡುಗನಿಗೆ ಸಿಗುತ್ತಿದ್ದುದು ಶುಲ್ಕ, ಊಟ, ವಸತಿ. ಹಣದ ಹಿಂದೆ ಹೋಗಬೇಡ, ವಿದ್ಯೆ ದೊಡ್ಡದು ಎಂದು ಬೋಧಿಸುತ್ತಿದ್ದ ತರಬೇತುದಾರ ಮಾತ್ರ ಲಕ್ಷಗಟ್ಟಲೆ ಸಂಬಳ ಎಣಿಸುತ್ತಿದ್ದ. ಎಲ್ಲರೂ ಹಾಗಲ್ಲ ಎನ್ನಿ. ನಾರ್ತ್ ಕೆರೊಲೈನಾದ ಡೀನ್ ಸ್ಮಿತ್ ತಂಡಗಳನ್ನು ತಾವೇ ವಿಚಾರಿಸಿ, 1984ರಲ್ಲಿ ಮೈಕಲ್ ಜೋರ್ಡನ್ನನಿಗೆ ಹೊರಡು ಎಂದರು. ತಮ್ಮ ತಂಡಕ್ಕೆ ನಷ್ಟವೆಂದು ತಿಳಿದೂ ಹೇಳಿದರು. ಜೋರ್ಡನ್ ಬೇಸಿಗೆಯಲ್ಲಿ ಬಂದು ಓದಿ 1986ರಲ್ಲಿ ಭೂಗೋಳ ಶಾಸ್ತ್ರದ ಪದವಿಯನ್ನು ಮುಗಿಸಿದ.

ಈಚೆಗೆ ಗಾಳಿ ತಿರುಗಿದೆ. 2021ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಂದೇ ಮಾತಿನಿಂದ ಎನ್.ಸಿ.ಎ.ಎ. ವಿರುದ್ಧ ತೀರ್ಪು ಕೊಟ್ಟರು. ಮುಂದಿನ ತಿಂಗಳಿಂದಲೇ ಆಟಗಾರರು ತಮ್ಮ ಹೆಸರನ್ನೂ ಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಹಣ ಪಡೆಯಬಹುದಾಯಿತು. 2025ರ ಜುಲೈಯಿಂದ ವಿಶ್ವವಿದ್ಯಾನಿಲಯಗಳೇ, ಎಲ್ಲ ಆಟಗಳೂ ಸೇರಿ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರಿನ ಮಿತಿಯೊಳಗೆ, ಆಟಗಾರರಿಗೆ ನೇರವಾಗಿ ಕೊಡತೊಡಗಿವೆ. ಪರಿಣಾಮ ನೋಡಿ: ಅವಧಿಗೆ ಮುಂಚೆ ಡ್ರಾಫ್ಟಿಗೆ ಹೆಸರು ಕೊಟ್ಟವರು, ಹೊರದೇಶದವರೂ ಸೇರಿ, 2021ರಲ್ಲಿ 353 ಮಂದಿ, 2025ರಲ್ಲಿ 106. ಉಪನ್ಯಾಸಗಳಿಂದ ಆಗದ ಕೆಲಸ ಸಂಬಳದಿಂದ ಆಯಿತು. ನಲವತ್ತನೆಯ ಸ್ಥಾನದ ಹುಡುಗ ಈಗ ಕಾಲೇಜಿನಲ್ಲಿ ನಿಂತೇ ಹೆಚ್ಚು ಗಳಿಸಬಹುದು. ಮೇಲಿನ ಸಾಲಿನವನು ಈಗಲೂ ಹೊರಡುತ್ತಾನೆ; ಡ್ಯೂಕ್‌ನಲ್ಲಿ ಒಂದೇ ವರ್ಷ ಆಡಿದ ಕೂಪರ್ ಫ್ಲ್ಯಾಗ್ 2025ರಲ್ಲಿ ಮೊದಲನೆಯವನಾಗಿ ಡಲ್ಲಾಸ್ ಸೇರಿದ. ಆತ ಹೊರಟದ್ದು ಸರಿ. ಇನ್ನೊಬ್ಬ ನಿಂತದ್ದೂ ಸರಿ.

ಬಿಟ್ಟ ಓದು ಎಂದೆಂದಿಗೂ ಬಿಟ್ಟೇಹೋಗುತ್ತದೆಂದು ತಿಳಿಯಬೇಕಾಗಿಲ್ಲ. 2007ರಲ್ಲಿ ಒಂದು ವರ್ಷದ ಓದಿಗೆ ಒಹಾಯೊ ಬಿಟ್ಟು ಮೊದಲನೆಯವನಾಗಿ ಆಯ್ಕೆಯಾದ ಗ್ರೆಗ್ ಓಡನ್‌ನ ಮೊಣಕಾಲು ಮತ್ತೆ ಮತ್ತೆ ಕೈಕೊಟ್ಟು, ಎನ್.ಬಿ.ಎ.ಯಲ್ಲಿ 105 ಪಂದ್ಯಗಳಿಗೇ ಆಟ ಮುಗಿಯಿತು. ಆತ ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಅದೇ ವಿಶ್ವವಿದ್ಯಾನಿಲಯದಲ್ಲಿ ಕುಳಿತು 2019ರಲ್ಲಿ ಪದವಿ ಪಡೆದ. ಸ್ಟೀಫನ್ ಕರಿ 2009ರಲ್ಲಿ, ಮೂರು ವರ್ಷ ಓದಿ, ಡೇವಿಡ್ಸನ್ ಎಂಬ ಚಿಕ್ಕ ಕಾಲೇಜನ್ನು ಬಿಟ್ಟಿದ್ದ. ಆಟಗಾರನ ಅಂಗಿಯ ಸಂಖ್ಯೆಯನ್ನು ಗೌರವಾರ್ಥವಾಗಿ ಮೇಲೆ ತೂಗುಹಾಕಬೇಕಾದರೆ ಆತ ಪದವೀಧರನಾಗಿರಬೇಕೆಂದು ಆ ಕಾಲೇಜಿನ ಕಟ್ಟಳೆ. ಲೋಕವೆಲ್ಲ ಕೊಂಡಾಡುವ ಆಟಗಾರನಿಗಾಗಿಯೂ ಕಾಲೇಜು ಅದನ್ನು ಸಡಿಲಿಸಲಿಲ್ಲ. 2022ರ ಮೇ ತಿಂಗಳಲ್ಲಿ ಕರಿ ಸಮಾಜಶಾಸ್ತ್ರದ ಪದವಿಯನ್ನು ಪೂರೈಸಿದ. ಆಗಸ್ಟ್ ಕೊನೆಯಲ್ಲಿ ಆತನ 30ನೆಯ ಸಂಖ್ಯೆಯ ಅಂಗಿ ಕಾಲೇಜಿನ ಸೂರಿಗೆ ಏರಿತು.