ಬರಿದಾದ ಕ್ರೀಡಾಂಗಣ: ವೇತನದ ಹೊರೆ ಯಾರಿಗೆ?

ಕೋವಿಡ್ ಸಾಂಕ್ರಾಮಿಕದ ನಿಮಿತ್ತ 2020ರ ಮಾರ್ಚ್‌ನಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸ್ಥಗಿತಗೊಂಡಿತು. ಆಟಗಾರರಿಗೆ 17 ಕೋಟಿ ಡಾಲರ್ ಮುಂಗಡವನ್ನೂ, ನಡೆದ ಪಂದ್ಯಗಳ ಪ್ರಮಾಣಕ್ಕೆ ಅನುಗುಣವಾದ ವೇತನವನ್ನೂ ನೀಡುವುದೆಂದು ಮಾರ್ಚ್ 26ರಂದು ಒಪ್ಪಂದವಾಯಿತು. ಪ್ರೇಕ್ಷಕರಿಲ್ಲದೆ ಆಡಿಸುವ ಆರ್ಥಿಕ ಸಾಧ್ಯತೆಯನ್ನು ಸದ್ಭಾವನೆಯಿಂದ ಚರ್ಚಿಸತಕ್ಕದ್ದೆಂಬ ಷರತ್ತೂ ಅದರಲ್ಲಿತ್ತು. ಮಾಲೀಕರು ಇದನ್ನು ವೇತನ ಕಡಿತಕ್ಕೆ ಅವಕಾಶವೆಂದು ಅರ್ಥೈಸಿದರೆ, ವೇತನದ ಪ್ರಶ್ನೆ ಇತ್ಯರ್ಥವಾಗಿದೆಯೆಂದು ಆಟಗಾರರ ಸಂಘವು ವಾದಿಸಿತು. ಕರಾರು ಬರೆಯುವವರು ಗಮನಿಸಬೇಕಾದ ಅಂಶವಿದು.

ಪೂರ್ಣ ಪ್ರಮಾಣದ ವೇತನ ನೀಡಿ 82 ಪಂದ್ಯಗಳನ್ನು ಖಾಲಿ ಕ್ರೀಡಾಂಗಣದಲ್ಲಿ ಆಡಿಸಿದರೆ ಪಂದ್ಯವೊಂದಕ್ಕೆ ಸರಾಸರಿ 6.4 ಲಕ್ಷ ಡಾಲರ್ ನಷ್ಟವೆಂದು ಲೀಗ್ ಹೇಳಿತು. ವಿವಾದದ ಮೂಲವಿರುವುದು ಇಲ್ಲಿಯೇ. ಟಿಕೆಟ್ ವರಮಾನವಿಲ್ಲದಿರುವಾಗ ಪ್ರತಿಯೊಂದು ಹೆಚ್ಚುವರಿ ಪಂದ್ಯವೂ ಮಾಲೀಕನ ಲೆಕ್ಕದಲ್ಲಿ ನಷ್ಟ. ಪಂದ್ಯಕ್ಕಿಷ್ಟೆಂದು ಪಡೆಯುವ ಆಟಗಾರನಿಗೆ ಆದಾಯ. ಆದ್ದರಿಂದಲೇ ಸಂಘವು 114 ಪಂದ್ಯಗಳನ್ನು ಕೇಳಿತು. ನಷ್ಟದ ಲೆಕ್ಕಪತ್ರ ತೋರಿಸಿರೆಂದೂ ಒತ್ತಾಯಿಸಿತು. ಬಹುತೇಕ ತಂಡಗಳು ಖಾಸಗಿ ಒಡೆತನದವು. ಷೇರುಪೇಟೆಯಲ್ಲಿದ್ದ ಲಿಬರ್ಟಿ ಮೀಡಿಯಾದ ಅಟ್ಲಾಂಟಾ ಬ್ರೇವ್ಸ್‌ನಂತಹವುಗಳ ಅಂಕಿಅಂಶ ಮಾತ್ರ ಹೊರಬರುತ್ತಿತ್ತು. ಲಾಭದ ವರ್ಷಗಳಲ್ಲಿ ಮುಚ್ಚಿಟ್ಟ ಪುಸ್ತಕವನ್ನು ನಷ್ಟದ ವರ್ಷದಲ್ಲಿ ನಂಬಿರೆಂದರೆ ಯಾರು ನಂಬುತ್ತಾರೆ?

ಮಾತುಕತೆ ಮುರಿದುಬಿದ್ದ ಬಳಿಕ, ಜೂನ್ 23ರಂದು ಆಯುಕ್ತ ರಾಬ್ ಮ್ಯಾನ್‌ಫ್ರೆಡ್ ಎಂದಿನ 162ರ ಬದಲು 60 ಪಂದ್ಯಗಳ ಋತುವನ್ನು ವಿಧಿಸಿದರು. ಆಟ ಜುಲೈ 23ರಂದು ಆರಂಭವಾಯಿತು. ವೇತನದ ದರ ಕಡಿತವಾಗಲಿಲ್ಲ, ಪಂದ್ಯಗಳು ಕಡಿಮೆಯಾದವು: 5,63,500 ಡಾಲರ್ ಕನಿಷ್ಠ ವಾರ್ಷಿಕ ವೇತನದ ಆಟಗಾರನ ಪಾಲಿಗೆ ಬಂದದ್ದು ಸುಮಾರು 2,08,700 ಡಾಲರ್.